ಎಕೋ ಪರೀಕ್ಷೆಯ ಕ್ರಮ: ಮೊದಲು ನೋಡುವುದು, ಆಮೇಲೆ ಅಳೆಯುವುದು

ದಾವಣಗೆರೆಯಲ್ಲಿ ಎಕೋ (ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ) ಕಲಿಯಲು ಬರುವ ಹುಡುಗ ಹುಡುಗಿಯರು ಬುದ್ಧಿವಂತರು. ಪುಸ್ತಕದ ಅಂಕಿಗಳೆಲ್ಲ ಬಾಯಿಪಾಠ ಇರುತ್ತವೆ. ಆದರೂ ಬಹುತೇಕ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಚಿತ್ರ ಹಿಡಿಯುವ ಪ್ರೋಬ್ ಅನ್ನು ಎದೆಯ ಮೇಲಿಟ್ಟ ಎರಡನೇ ನಿಮಿಷಕ್ಕೇ, ಚಿತ್ರ ನಿಲ್ಲಿಸುವ ಫ್ರೀಜ್ ಗುಂಡಿ ಒತ್ತಿ ಅಳತೆಗೆ ಕೂರುತ್ತಾರೆ. ಚಿತ್ರ ಓರೆಯಾಗಿದೆಯೇ, ಕವಾಟ ಯಾವ ರೀತಿ ತೆರೆಯುತ್ತಿದೆ, ಯಾವ ಗೋಡೆ ಸುಮ್ಮನಿದೆ ಎಂಬುದನ್ನು ನೋಡಿರುವುದೇ ಇಲ್ಲ. ವರದಿಯಲ್ಲಿ ಸಾಲುಸಾಲು ಸಂಖ್ಯೆಗಳು ಬರುತ್ತವೆ. ಅದನ್ನು ಹಿಡಿದು ಬೆಂಗಳೂರಿಗೆ ಹೋದ ರೋಗಿಗೆ ಅಲ್ಲಿ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡುತ್ತಾರೆ.

ಹೃದಯ ವಿಭಾಗದ ತಂತ್ರಜ್ಞರಾಗಲು ಓದುತ್ತಿರುವವರಿಗೆ, ಮೆಡಿಸಿನ್ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮತ್ತು ಎಕೋ ಯಂತ್ರ ಇರುವ ಆಸ್ಪತ್ರೆಗಳ ಡ್ಯೂಟಿ ಡಾಕ್ಟರ್‌ಗಳಿಗೆ ಇದನ್ನು ಬರೆದಿದ್ದೇನೆ. ಎದೆಯ ಮೇಲಿನಿಂದ ಮಾಡುವ ಸಾಮಾನ್ಯ ಎಕೋ ಮಾತ್ರ ಇಲ್ಲಿದೆ. ಓದಿದ ಮಾತ್ರಕ್ಕೆ ಕೈ ಪಳಗುವುದಿಲ್ಲ. ಪಕ್ಕದಲ್ಲಿ ಅನುಭವಿ ತಜ್ಞರು ಇರಲೇಬೇಕು, ಅಂತಿಮ ವರದಿಗೆ ಸಹಿ ಹಾಕಬೇಕಾದವರೂ ಅವರೇ.

ಹಂತ 1: ಪ್ರೋಬ್ ಮುಟ್ಟುವ ಮೊದಲು

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಹೃದಯಕ್ಕೆಂದೇ ಇರುವ ಪ್ರೋಬ್, ಜೆಲ್, ಇಸಿಜಿಯ ಮೂರು ಎಲೆಕ್ಟ್ರೋಡ್‌ಗಳು, ಬಿಪಿ ಯಂತ್ರ, ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ಹೊದೆಯಲು ಶುಭ್ರವಾದ ಬಟ್ಟೆ. ಕರೆಂಟ್ ಹೋಗಿ ಬರುವ ಕಡೆ ಯುಪಿಎಸ್ ಕೂಡ ಬೇಕು, ಇಲ್ಲದಿದ್ದರೆ ಉಳಿಸಿಕೊಳ್ಳದ ಚಿತ್ರಗಳೆಲ್ಲ ಕೈಬಿಟ್ಟು ಹೋಗುತ್ತವೆ.

ಮೊಳಕಾಲ್ಮೂರಿನಿಂದಲೋ ಜಗಳೂರಿನಿಂದಲೋ ಬೆಳಗಿನ ಬಸ್ಸಿಗೆ ಬಂದವರು ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಮಧ್ಯಾಹ್ನದವರೆಗೆ ಕಾಯುವುದುಂಟು. ಈ ಪರೀಕ್ಷೆಗೆ ಉಪವಾಸ ಬೇಡ. ಬೆಣ್ಣೆ ದೋಸೆ ತಿಂದು ಬಂದರೂ ಹೃದಯ ಅಷ್ಟೇ ಚೆನ್ನಾಗಿ ಕಾಣುತ್ತದೆ. ಅನ್ನನಾಳಕ್ಕೆ ಕೊಳವೆ ಇಳಿಸಿ ಮಾಡುವ ಎಕೋಗೆ ಮಾತ್ರ ಹೊಟ್ಟೆ ಖಾಲಿ ಇರಬೇಕು. ಚೀಟಿ ಕೊಡುವ ಕೌಂಟರ್‌ನಲ್ಲೇ ಈ ಎರಡನ್ನೂ ಬೇರ್ಪಡಿಸಿ ಹೇಳುವ ವ್ಯವಸ್ಥೆ ಇದ್ದರೆ ಒಳ್ಳೆಯದು.

ರೋಗಿಯನ್ನು ಮಲಗಿಸುವ ಮೊದಲು ನಾಲ್ಕು ವಿಷಯ ಬರೆದುಕೊಳ್ಳಿ: ವೈದ್ಯರು ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಕಳುಹಿಸಿದ್ದಾರೆ, ಈಗಿನ ಬಿಪಿ ಎಷ್ಟು, ಎತ್ತರ ತೂಕ ಎಷ್ಟು, ಹಿಂದೆ ಕವಾಟದ ಶಸ್ತ್ರಚಿಕಿತ್ಸೆ ಅಥವಾ ಬಲೂನ್ ಚಿಕಿತ್ಸೆ (ಕಿರಿದಾದ ಕವಾಟವನ್ನು ಬಲೂನಿನಿಂದ ಅಗಲಿಸುವುದು) ಆಗಿದೆಯೇ. ಹೊಸಬರು ಮೊದಲು ಬಿಡುವುದೇ ಬಿಪಿಯನ್ನು. ಎಡ ಹೃತ್ಕರ್ಣ (ಮೇಲಿನ ಕೋಣೆ) ಮತ್ತು ಎಡ ಹೃತ್ಕುಕ್ಷಿಯ (ಕೆಳಗಿನ ಕೋಣೆ) ನಡುವಿನ ಮೈಟ್ರಲ್ ಕವಾಟದ ಸೋರಿಕೆ ರಕ್ತದೊತ್ತಡದ ಜೊತೆಗೆ ಏರಿಳಿಯುತ್ತದೆ. 90ರ ಬಿಪಿಯಲ್ಲಿ ಅಲ್ಪವಾಗಿ ಕಂಡ ಸೋರಿಕೆ 170ರ ಬಿಪಿಯಲ್ಲಿ ಭಾರಿಯಾಗಿ ಕಾಣಬಹುದು. ಬಿಪಿ ಬರೆಯದ ವರದಿಯನ್ನು ಮುಂದಿನ ವರ್ಷದ ವರದಿಯ ಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ.

ಏನು ಮಾಡಲಿದ್ದೀರಿ ಎಂದು ರೋಗಿಗೆ ಕನ್ನಡದಲ್ಲಿ ಹೇಳಿ. "ಅಜ್ಜಿ, ಇದರಲ್ಲಿ ಸೂಜಿ ಇಲ್ಲ, ಕರೆಂಟ್ ಹೊಡೆಯುವುದಿಲ್ಲ, ಜೆಲ್ ಸ್ವಲ್ಪ ತಣ್ಣಗಿರುತ್ತದೆ, ಅಷ್ಟೇ" ಎಂಬ ಒಂದು ಮಾತಿಗೆ ಅವರ ಬಿಗಿದ ಭುಜ ಸಡಿಲವಾಗುತ್ತದೆ, ನಾಡಿಯೂ ಇಳಿಯುತ್ತದೆ. ಹೆಣ್ಣುಮಕ್ಕಳ ಪರೀಕ್ಷೆಯ ಹೊತ್ತಿಗೆ ಕೋಣೆಯಲ್ಲಿ ಮಹಿಳಾ ಸಿಬ್ಬಂದಿ ಇರಲಿ, ಪರದೆ ಎಳೆಯಿರಿ, ಪ್ರೋಬ್ ಇಡುವಷ್ಟು ಜಾಗ ಬಿಟ್ಟು ಉಳಿದದ್ದನ್ನು ಹೊದಿಸಿ. ಸಂಕೋಚದಿಂದ ಮುದುಡಿ ಮಲಗಿದವರಲ್ಲಿ ಒಳ್ಳೆಯ ಚಿತ್ರ ಸಿಗುವುದೂ ಕಷ್ಟ.

ಹಂತ 2: ಮಲಗಿಸುವ ಭಂಗಿ, ಯಂತ್ರದ ಹೊಂದಾಣಿಕೆ

ರೋಗಿ ಎಡ ಮಗ್ಗುಲಿಗೆ ಪೂರ್ತಿ ತಿರುಗಿ, ಎಡಗೈಯನ್ನು ತಲೆಯ ಕೆಳಗೆ ಇಟ್ಟುಕೊಳ್ಳಬೇಕು. ಹೃದಯ ಎದೆಗೂಡಿನ ಹತ್ತಿರಕ್ಕೆ ಬರುತ್ತದೆ, ಪಕ್ಕೆಲುಬುಗಳ ನಡುವಿನ ಸಂದು ಅಗಲವಾಗುತ್ತದೆ. ಅರ್ಧ ತಿರುಗಿಸಿ ಸಾಕೆನ್ನುವುದು ಸೋಮಾರಿತನ. ಚಿತ್ರ ಸರಿಯಿಲ್ಲ ಎನ್ನುವ ಮೊದಲು ಭಂಗಿಯನ್ನು ಇನ್ನೊಮ್ಮೆ ಸರಿಪಡಿಸಿ. ಉಸಿರು ಹೊರಬಿಟ್ಟು ಕ್ಷಣಕಾಲ ತಡೆಯಲು ಹೇಳಿದರೆ ಎಷ್ಟೋ ಬಾರಿ ಅದೇ ಜಾಗದಲ್ಲಿ ಕವಾಟ ಸ್ಪಷ್ಟವಾಗುತ್ತದೆ.

ವಯಸ್ಕರಿಗೆ ಸುಮಾರು 2ರಿಂದ 5 ಮೆಗಾಹರ್ಟ್ಸ್‌ನ ಪ್ರೋಬ್ ಸಾಕು, ಚಿಕ್ಕ ಮಕ್ಕಳಿಗೆ ಅದಕ್ಕಿಂತ ಹೆಚ್ಚಿನ ಆವರ್ತನದ್ದು ಬೇಕು. ಇಸಿಜಿ ಗೆರೆ ಪರದೆಯ ಮೇಲೆ ಸ್ವಚ್ಛವಾಗಿ ಓಡುತ್ತಿರಲಿ. ಅದಿಲ್ಲದೆ ಯಾವುದು ಸಂಕೋಚನ (ಹೃದಯ ಹಿಂಡುವ ಹೊತ್ತು), ಯಾವುದು ವ್ಯಾಕೋಚನ (ಸಡಿಲವಾಗಿ ತುಂಬುವ ಹೊತ್ತು) ಎಂದು ಊಹಿಸುತ್ತಾ ಕೂರಬೇಕಾಗುತ್ತದೆ.

ಗೇನ್ (ಚಿತ್ರದ ಹೊಳಪು ಏರಿಳಿಸುವ ಗುಂಡಿ) ವಿಷಯದಲ್ಲಿ ಎಚ್ಚರ. ಕೋಣೆಯ ದೀಪ ಆರಿಸದೆ ಕುಳಿತರೆ ಪರದೆ ಮಂಕಾಗಿ ಕಾಣುತ್ತದೆ, ಕೈ ತಾನಾಗಿಯೇ ಗೇನ್ ಏರಿಸುತ್ತದೆ. ಆಗ ಗೋಡೆ ಇರುವುದಕ್ಕಿಂತ ದಪ್ಪವಾಗಿ, ಕವಾಟದ ಬಾಯಿ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ರಕ್ತ ಕಪ್ಪಗೆ, ಸ್ನಾಯು ಬೂದು ಬಣ್ಣದಲ್ಲಿ, ಹೃದಯಾವರಣ ಬೆಳ್ಳಗೆ ಕಂಡರೆ ಹೊಂದಾಣಿಕೆ ಸರಿಯಿದೆ. ಡೆಪ್ತ್ ಅನ್ನು (ಎಷ್ಟು ಆಳದವರೆಗೆ ಕಾಣಬೇಕೆಂಬುದನ್ನು) ಮೊದಲು ಹೆಚ್ಚಿಟ್ಟು ಹೃದಯದ ಹಿಂದೆ ನೀರು ಏನಾದರೂ ಇದೆಯೇ ನೋಡಿ, ಅನಂತರ ಹೃದಯ ಪರದೆ ತುಂಬುವಷ್ಟಕ್ಕೆ ಇಳಿಸಿ.

ಹಂತ 3: ಕಿಟಕಿಗಳ ಕ್ರಮ

ಕಿಟಕಿ ಎಂದರೆ ಎದೆಯ ಮೇಲೆ ಪ್ರೋಬ್ ಇಟ್ಟರೆ ಹೃದಯ ಕಾಣಸಿಗುವ ಜಾಗ. ಈ ಕ್ರಮವನ್ನು ಎಂದೂ ಬದಲಿಸಬೇಡಿ. ಹೃದಯದಲ್ಲಿ ಏನೋ ಕಂಡಿತೆಂದು ನಡುವೆ ಬೇರೆಡೆ ಹಾರಿದರೆ ಒಂದು ನೋಟ ಬಿಟ್ಟೇ ಹೋಗುತ್ತದೆ. ಬಿಟ್ಟುಹೋದದ್ದು ಗೊತ್ತಾಗುವಷ್ಟರಲ್ಲಿ ರೋಗಿ ಹಿರಿಯೂರಿನ ಬಸ್ಸು ಹತ್ತಿರುತ್ತಾರೆ.

ಮೊದಲನೆಯದು ಎದೆಮೂಳೆಯ ಎಡಪಕ್ಕದ ಉದ್ದ ನೋಟ. ಮೂರನೇ ಅಥವಾ ನಾಲ್ಕನೇ ಸಂದಿನಲ್ಲಿ ಪ್ರೋಬ್ ಇಟ್ಟು, ಅದರ ಗುರುತು ರೋಗಿಯ ಬಲ ಭುಜದತ್ತ ಇರುವಂತೆ ಹಿಡಿಯಿರಿ. ಎಡ ಹೃತ್ಕುಕ್ಷಿ, ಎಡ ಹೃತ್ಕರ್ಣ, ಮೈಟ್ರಲ್ ಮತ್ತು ಅಯೋರ್ಟಿಕ್ (ಮಹಾಪಧಮನಿಯ ಬಾಯಿಯ) ಕವಾಟ, ಮಹಾಪಧಮನಿಯ ಬುಡ ಒಂದೇ ಚೌಕಟ್ಟಿನಲ್ಲಿ ಬರಬೇಕು. ಎರಡನೆಯದು ಅದೇ ಜಾಗದ ಅಡ್ಡ ನೋಟ. ಪ್ರೋಬ್ ಎತ್ತದೆ ಗಡಿಯಾರದ ಮುಳ್ಳಿನ ದಿಕ್ಕಿಗೆ 90 ಡಿಗ್ರಿ ತಿರುಗಿಸಿ, ಅಯೋರ್ಟಿಕ್ ಕವಾಟದಿಂದ ಹೃದಯದ ತುದಿಯವರೆಗೆ ನಿಧಾನವಾಗಿ ವಾಲಿಸುತ್ತಾ ಹೋಗಿ.

ಮೂರನೆಯದು ತುದಿಯ ನೋಟ. ಹೃದಯದ ಬಡಿತ ಕೈಗೆ ತಾಗುವಲ್ಲಿ ಪ್ರೋಬ್ ಇಟ್ಟರೆ ನಾಲ್ಕು ಕೋಣೆಗಳು ಕಾಣುತ್ತವೆ. ಗಡಿಯಾರಕ್ಕೆ ವಿರುದ್ಧವಾಗಿ ಸುಮಾರು 60 ಡಿಗ್ರಿ ತಿರುಗಿಸಿದರೆ ಎರಡು ಕೋಣೆ, ಮತ್ತೆ ಅಷ್ಟೇ ತಿರುಗಿಸಿದರೆ ಮೂರು ಕೋಣೆಯ ನೋಟ ಸಿಗುತ್ತದೆ. ನಾಲ್ಕನೆಯದಕ್ಕೆ ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, ಎದೆಮೂಳೆಯ ಕೆಳಗಿನಿಂದ ನೋಡಿ. ಕೊನೆಯದು ಗಂಟಲ ಗುಳಿಯಿಂದ ಕಾಣುವ ಮಹಾಪಧಮನಿಯ ಕಮಾನು.

ವರ್ಷಗಟ್ಟಲೆ ಬೀಡಿ ಸೇದಿದವರು, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿದವರು ಬಂದರೆ ಮೊದಲ ಎರಡು ಕಿಟಕಿಗಳು ಮುಚ್ಚಿರುವ ಸಾಧ್ಯತೆ ಹೆಚ್ಚು. ಉಬ್ಬಿದ ಶ್ವಾಸಕೋಶ ಅಡ್ಡ ಬರುತ್ತದೆ. ಅಂಥವರಲ್ಲಿ ಪಕ್ಕೆಲುಬಿನ ಮೇಲೆ ಒತ್ತಿ ನೋವು ಕೊಡಬೇಡಿ. ಎದೆಮೂಳೆಯ ಕೆಳಗಿನ ನೋಟದಲ್ಲಿ ಹೃದಯ ಅಚ್ಚರಿಯಾಗುವಷ್ಟು ಚೆನ್ನಾಗಿ ಸಿಗುತ್ತದೆ.

ಹಂತ 4: ಹೃದಯದ ಸ್ನಾಯು

ಕ್ಯಾಲಿಪರ್ (ಪರದೆಯ ಮೇಲೆ ಅಳೆಯುವ ಗುರುತು) ಮುಟ್ಟದೆ ಎಲ್ಲ ಕಿಟಕಿಗಳಲ್ಲೂ ಒಂದು ಸುತ್ತು ಬರಿಗಣ್ಣಿಂದ ನೋಡಿ. ಹೃತ್ಕುಕ್ಷಿಯ ಸಂಕೋಚನ ಸಾಮಾನ್ಯವೇ, ಸ್ವಲ್ಪ ಕಡಿಮೆಯೇ, ತೀರಾ ಕಡಿಮೆಯೇ ಎಂದು ಮನಸ್ಸಿನಲ್ಲೇ ಅಂದಾಜು ಮಾಡಿ ಕಾಗದದ ಮೇಲೆ ಬರೆಯಿರಿ. ಮುಂದೆ ಯಂತ್ರ ಕೊಡುವ ಸಂಖ್ಯೆ ಈ ಅಂದಾಜಿಗಿಂತ ತುಂಬಾ ದೂರ ನಿಂತರೆ ಹತ್ತರಲ್ಲಿ ಒಂಬತ್ತು ಸಲ ತಪ್ಪಿರುವುದು ಅಳತೆ. ಕಣ್ಣು ಪಳಗುವುದೂ ಹೀಗೆಯೇ.

ಗೋಡೆಯನ್ನು ನೋಡುವಾಗ ಅದು ಒಳಗೆ ಸರಿಯುತ್ತಿದೆಯೇ ಎಂದಲ್ಲ, ದಪ್ಪವಾಗುತ್ತಿದೆಯೇ ಎಂದು ನೋಡಬೇಕು. ಸತ್ತ ಸ್ನಾಯುವನ್ನು ಪಕ್ಕದ ಬದುಕಿರುವ ಸ್ನಾಯು ಎಳೆದುಕೊಂಡು ಹೋಗುತ್ತದೆ, ಸರಿದಂತೆ ಕಾಣುತ್ತದೆ, ಆದರೆ ದಪ್ಪವಾಗುವುದಿಲ್ಲ. ಇದಕ್ಕೆ ವಿರುದ್ಧದ ಮೋಸವೂ ಇದೆ. ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ತಡವಾಗಿ ತಲುಪುವುದು) ಇರುವವರಲ್ಲಿ ಮತ್ತು ತೆರೆದ ಹೃದಯದ ಶಸ್ತ್ರಚಿಕಿತ್ಸೆ ಆದವರಲ್ಲಿ ನಡುಗೋಡೆ ಅಡ್ಡಾದಿಡ್ಡಿ ಚಲಿಸುತ್ತದೆ, ಆದರೂ ದಪ್ಪವಾಗುತ್ತದೆ. ಅದನ್ನು ಹೃದಯಾಘಾತದ ಗುರುತು ಎಂದು ಬರೆದರೆ ಮನೆಯವರು ಆ ರಾತ್ರಿ ನಿದ್ದೆ ಮಾಡುವುದಿಲ್ಲ.

ಕೆಲಸ ಮಾಡದ ಗೋಡೆ ಸಿಕ್ಕರೆ, ಹೃದಯಕ್ಕೇ ರಕ್ತ ಕೊಡುವ ಮೂರು ಕರೋನರಿ ನಾಳಗಳಲ್ಲಿ ಯಾವುದರ ಪಾಲಿಗೆ ಬರುತ್ತದೆ ನೋಡಿ. ಮುಂಗೋಡೆ, ನಡುಗೋಡೆಯ ಮುಂಭಾಗ ಮತ್ತು ತುದಿ ಸಾಮಾನ್ಯವಾಗಿ ಎಡ ಮುಂಭಾಗದ ನಾಳದ್ದು. ಕೆಳಗೋಡೆ ಹೆಚ್ಚಾಗಿ ಬಲ ಕರೋನರಿಯದು, ಪಕ್ಕದ ಗೋಡೆ ಹೆಚ್ಚಾಗಿ ಸರ್ಕಂಫ್ಲೆಕ್ಸ್‌ನದು. ಯಾವ ನಾಳದ ಹಂಚಿಕೆಗೂ ಹೊಂದದೆ ಎಲ್ಲ ಗೋಡೆಗಳೂ ಸೋತಿದ್ದರೆ ಕಾರಣ ಬೇರೆ ಇರಬಹುದು, ಸ್ನಾಯುವಿನದೇ ಕಾಯಿಲೆಯೂ ಆಗಿರಬಹುದು.

ಇನ್ನು ಅಳತೆ. ಹೃತ್ಕುಕ್ಷಿಯ ಅಗಲ ಮತ್ತು ಗೋಡೆಯ ದಪ್ಪವನ್ನು ಉದ್ದ ನೋಟದಲ್ಲಿ, ಮೈಟ್ರಲ್ ದಳಗಳ ತುದಿಯ ಮಟ್ಟದಲ್ಲಿ, ಹೃತ್ಕುಕ್ಷಿಯ ಅಕ್ಷಕ್ಕೆ ನೇರ ಅಡ್ಡಲಾಗಿ ಅಳೆಯಬೇಕು. ಗೆರೆ ಓರೆಯಾದರೆ ಆರೋಗ್ಯವಂತರ ಹೃದಯವೂ ಹಿಗ್ಗಿದಂತೆ ಬರುತ್ತದೆ. ವ್ಯಾಕೋಚನದ ಕೊನೆಯಲ್ಲಿ ಗಂಡಸರಲ್ಲಿ 42ರಿಂದ 58 ಮಿಲಿಮೀಟರ್, ಹೆಂಗಸರಲ್ಲಿ 38ರಿಂದ 52 ಮಿಲಿಮೀಟರ್ ಸಾಮಾನ್ಯ ಮಿತಿ. ಗೋಡೆಯ ದಪ್ಪ ಗಂಡಸರಲ್ಲಿ 10, ಹೆಂಗಸರಲ್ಲಿ 9 ಮಿಲಿಮೀಟರ್ ಮೀರಬಾರದು. ನಡುಗೋಡೆಗೆ ಅಂಟಿದಂತೆ ಕಾಣುವ ಬಲ ಹೃತ್ಕುಕ್ಷಿಯ ಪಟ್ಟಿಯನ್ನು ಸೇರಿಸಿ ಅಳೆದು ಗೋಡೆ ದಪ್ಪಗಿದೆ ಎನ್ನುವುದು ಪದೇಪದೇ ಕಾಣುವ ತಪ್ಪು.

ಪ್ರತಿ ಬಡಿತಕ್ಕೆ ಹೊರಹೋಗುವ ರಕ್ತದ ಶೇಕಡಾ ಪ್ರಮಾಣವೇ ಎಲ್ಲರೂ ಕೇಳುವ ಇಎಫ್. ಸಾಮಾನ್ಯ ಮಿತಿ ಗಂಡಸರಲ್ಲಿ 52ರಿಂದ 72, ಹೆಂಗಸರಲ್ಲಿ 54ರಿಂದ 74. ಒಂದೇ ಗೆರೆಯ ಮೇಲಿನ ಚಲನೆ ತೋರಿಸುವ ಎಂ-ಮೋಡ್‌ನಿಂದ ಇದನ್ನು ತೆಗೆಯುವುದು ಸುಲಭ, ಆದರೆ ಹೃದಯಾಘಾತವಾದವರಲ್ಲಿ ನಂಬಲು ಬಾರದು. ಆ ಗೆರೆ ಬುಡದ ಎರಡು ಗೋಡೆಗಳನ್ನಷ್ಟೇ ದಾಟುತ್ತದೆ, ತುದಿ ಪೂರ್ತಿ ಸತ್ತಿದ್ದರೂ ಇಎಫ್ 60 ಎಂದು ತೋರಿಸುತ್ತದೆ. ನಾಲ್ಕು ಕೋಣೆ ಮತ್ತು ಎರಡು ಕೋಣೆಯ ನೋಟಗಳಲ್ಲಿ ಒಳಗೋಡೆಯನ್ನು ಗುರುತಿಸಿ ಮಾಡುವ ಸಿಂಪ್ಸನ್ ವಿಧಾನವನ್ನೇ ಬಳಸಿ.

ಸಿಂಪ್ಸನ್‌ನಲ್ಲಿ ಎಡವುವುದು ಹೃದಯ ಗಿಡ್ಡವಾಗಿ ಕಂಡಾಗ. ಉದ್ದನೆಯ ಬದನೆಕಾಯಿಯನ್ನು ಓರೆಯಾಗಿ ಸೀಳಿದರೆ ತುದಿ ಸೀಳಿಗೆ ಸಿಗುವುದಿಲ್ಲವಲ್ಲ, ಪ್ರೋಬ್ ಒಂದು ಸಂದು ಮೇಲಿದ್ದರೆ ಹೃದಯಕ್ಕೂ ಹಾಗೆಯೇ ಆಗುತ್ತದೆ. ಗುರುತಿಸುವುದು ಹೇಗೆ? ನಿಜವಾದ ತುದಿಯ ಗೋಡೆ ತೆಳ್ಳಗಿರುತ್ತದೆ, ಅದು ಹೆಚ್ಚು ಕದಲುವುದಿಲ್ಲ. ಪರದೆಯಲ್ಲಿ ತುದಿ ದುಂಡಗೆ, ದಪ್ಪಗೆ ಇದ್ದು ಪ್ರತಿ ಬಡಿತಕ್ಕೂ ಕೆಳಗಿಳಿಯುತ್ತಿದ್ದರೆ ನೀವು ನೋಡುತ್ತಿರುವುದು ತುದಿಯೇ ಅಲ್ಲ. ಒಂದು ಸಂದು ಕೆಳಗೆ, ಇನ್ನಷ್ಟು ಪಕ್ಕಕ್ಕೆ ಸರಿಸಿ. ತುದಿಯ ಸೋತ ಗೋಡೆ, ಅಲ್ಲಿ ಹೆಪ್ಪುಗಟ್ಟಿದ ರಕ್ತ, ಎರಡೂ ಇಂಥ ಗಿಡ್ಡ ಚಿತ್ರದಲ್ಲಿ ತಪ್ಪಿಹೋಗುತ್ತವೆ.

ನಾಡಿ ಅಡ್ಡಾದಿಡ್ಡಿಯಾಗಿರುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಒಂದೇ ಬಡಿತದ ಅಳತೆಗೆ ಬೆಲೆ ಇಲ್ಲ. ಕನಿಷ್ಠ 5 ಬಡಿತಗಳ ಸರಾಸರಿ ತೆಗೆಯಿರಿ.

ಹಂತ 5: ಕವಾಟಗಳು

ಪ್ರತಿ ಕವಾಟಕ್ಕೂ ಒಂದೇ ಕ್ರಮ: ಮೊದಲು ಕಪ್ಪು ಬಿಳುಪಿನಲ್ಲಿ ದಳಗಳ ರೂಪ ಮತ್ತು ಚಲನೆ, ಅನಂತರ ಕಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವುದು), ಕೊನೆಗೆ ಡಾಪ್ಲರ್, ಅಂದರೆ ರಕ್ತದ ವೇಗದ ಗೆರೆಗಳು. ಕಲರ್ ಹಾಕಿದ ಕೂಡಲೇ ಕಣ್ಣು ಬಣ್ಣಕ್ಕೆ ಸೋಲುತ್ತದೆ, ದಳದ ಕಡೆ ಮತ್ತೆ ಹೊರಳುವುದಿಲ್ಲ.

ಮೈಟ್ರಲ್ ಕವಾಟ: ನಮ್ಮ ಕಡೆ ಯುವ ವಯಸ್ಸಿನವರಲ್ಲಿ, ಅದರಲ್ಲೂ ಬಸುರಿನಲ್ಲಿ ಉಸಿರು ಕಟ್ಟಿ ಬರುವ ಹೆಣ್ಣುಮಕ್ಕಳಲ್ಲಿ, ಸಂಧಿವಾತ ಜ್ವರದಿಂದ ಕಿರಿದಾದ ಮೈಟ್ರಲ್ ಕವಾಟವನ್ನು ಹುಡುಕಲೇಬೇಕು. ಉದ್ದ ನೋಟದಲ್ಲಿ ಮುಂದಿನ ದಳದ ತುದಿ ಅಂಟಿಕೊಂಡು ನಡುಭಾಗ ಉಬ್ಬಿ, ಹಾಕಿ ಆಟದ ಕೋಲಿನ ಆಕಾರ ತಾಳುತ್ತದೆ. ಅಡ್ಡ ನೋಟದಲ್ಲಿ ದಳಗಳು ಸೇರುವ ಎರಡು ಮೂಲೆಗಳು ಬೆಸೆದಿರುತ್ತವೆ. ಕವಾಟದ ಬಾಯಿಯ ವಿಸ್ತೀರ್ಣವನ್ನು ಈ ಅಡ್ಡ ನೋಟದಲ್ಲೇ ಸುತ್ತು ಗೆರೆ ಎಳೆದು ಅಳೆಯುತ್ತಾರೆ. ಕವಾಟ ಆಲಿಕೆಯಾಕಾರದ್ದಾದ್ದರಿಂದ ಅತಿ ಕಿರಿದಾದ ಬಾಯಿ ದಳಗಳ ತುದಿಯಲ್ಲಿದೆ. ಅದಕ್ಕಿಂತ ಮೇಲೆ ಕತ್ತರಿಸಿದರೆ 0.9 ಚದರ ಸೆಂಟಿಮೀಟರ್‌ನ ಬಾಯಿ 1.6 ಎಂದು ಬಂದು, ಚಿಕಿತ್ಸೆ ಬೇಕಾದವರು ಮಾತ್ರೆಯ ಚೀಟಿ ಹಿಡಿದು ಮನೆಗೆ ಹೋಗುತ್ತಾರೆ. 1.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಎಂದು ಈಗಿನ ಲೆಕ್ಕ, 1.0ಕ್ಕಿಂತ ಕೆಳಗಿದ್ದರೆ ಅತಿ ತೀವ್ರ.

ಇನ್ನೊಂದು ದಾರಿ ಒತ್ತಡದ ಅರ್ಧಾಯು (ಕವಾಟದ ಎರಡು ಬದಿಗಳ ಒತ್ತಡದ ವ್ಯತ್ಯಾಸ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ): 220ನ್ನು ಮಿಲಿಸೆಕೆಂಡ್‌ಗಳಲ್ಲಿರುವ ಆ ಸಂಖ್ಯೆಯಿಂದ ಭಾಗಿಸಿದರೆ ವಿಸ್ತೀರ್ಣ ಬರುತ್ತದೆ. ಜೊತೆಗೆ ಅಯೋರ್ಟಿಕ್ ಸೋರಿಕೆ ಹೆಚ್ಚಿದ್ದರೆ ಈ ಲೆಕ್ಕ ಬಾಯಿಯನ್ನು ದೊಡ್ಡದಾಗಿ ತೋರಿಸುತ್ತದೆ. ಬಲೂನ್ ಚಿಕಿತ್ಸೆ ಮುಗಿದ ಕೂಡಲೇ ಬಳಸಿದರೂ ಭರವಸೆ ಇಲ್ಲ. ಸರಾಸರಿ ಗ್ರೇಡಿಯಂಟ್ (ಆ ಒತ್ತಡದ ವ್ಯತ್ಯಾಸ) ಬರೆಯುವಾಗ ಪಕ್ಕದಲ್ಲೇ ನಾಡಿಯ ವೇಗವನ್ನೂ ಬರೆಯಿರಿ. ನಾಡಿ 60 ಇದ್ದಾಗಿನ ಗ್ರೇಡಿಯಂಟ್ 110 ಆದಾಗ ಏರಿರುತ್ತದೆ, ಕಾಯಿಲೆ ಏರಿರುವುದಿಲ್ಲ. ಬಲೂನ್‌ಗೆ ಕಳುಹಿಸುವ ಮೊದಲು ದಳಗಳ ಚಲನೆ, ದಪ್ಪ, ಸುಣ್ಣ ಕಟ್ಟಿದ ಪ್ರಮಾಣ ಮತ್ತು ಕೆಳಗಿನ ತಂತುಗಳ ಸ್ಥಿತಿಗೆ ತಲಾ 4 ಅಂಕದಂತೆ 16ಕ್ಕೆ ಲೆಕ್ಕ ಹಾಕುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಬಲೂನ್‌ಗೆ ಅನುಕೂಲ. ಎಡ ಹೃತ್ಕರ್ಣದ ಕಿವಿಯಲ್ಲಿ (ಅದಕ್ಕೆ ಅಂಟಿದ ಪುಟ್ಟ ಚೀಲದಲ್ಲಿ) ಹೆಪ್ಪು ಇಲ್ಲವೆಂದು ಎದೆಯ ಮೇಲಿನ ಎಕೋ ನೋಡಿ ಬರೆಯಬೇಡಿ. ಅದನ್ನು ಹೇಳಲು ಅನ್ನನಾಳದ ಎಕೋ ಬೇಕು.

ಮೈಟ್ರಲ್ ಸೋರಿಕೆಯಲ್ಲಿ "ಯಾಕೆ ಸೋರುತ್ತಿದೆ" ಎಂಬುದು "ಎಷ್ಟು ಸೋರುತ್ತಿದೆ" ಎಂಬುದಕ್ಕಿಂತ ಮುಂಚಿನ ಪ್ರಶ್ನೆ. ದಳ ಹಿಂದಕ್ಕೆ ಬಾಗಿದೆಯೇ, ತಂತು ಹರಿದಿದೆಯೇ, ದಳ ಬಿಗಿದು ಮುಚ್ಚಲಾಗುತ್ತಿಲ್ಲವೇ, ಅಥವಾ ದಳ ಸರಿಯಿದ್ದು ಹೃತ್ಕುಕ್ಷಿ ಹಿಗ್ಗಿದೆಯೇ? ಕಲರ್‌ನ ವೇಗದ ಮಿತಿಯನ್ನು ಸೆಕೆಂಡಿಗೆ 50ರಿಂದ 60 ಸೆಂಟಿಮೀಟರ್‌ಗೆ ಇಡಿ. ಅದನ್ನು 30ಕ್ಕೆ ಇಳಿಸಿದರೆ ಸಣ್ಣ ಸೋರಿಕೆಯೂ ಹೃತ್ಕರ್ಣ ತುಂಬಿಬಿಡುತ್ತದೆ. ಗೋಡೆಗೆ ಅಂಟಿಕೊಂಡು ಹರಿಯುವ ಸೋರಿಕೆ ಇದಕ್ಕೆ ವಿರುದ್ಧ, ಬಣ್ಣ ಕಡಿಮೆ, ಕಾಯಿಲೆ ಜಾಸ್ತಿ. ಬಣ್ಣದ ಹರವಿನ ಬದಲು ಸೋರಿಕೆಯ ಕತ್ತಿನ (ಧಾರೆ ಅತಿ ಕಿರಿದಾಗುವ ಜಾಗದ) ಅಗಲ ಅಳೆಯಿರಿ. 7 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ತೀವ್ರ.

ಅಯೋರ್ಟಿಕ್ ಕವಾಟ: ವೇಗ ಸೆಕೆಂಡಿಗೆ 4 ಮೀಟರ್, ಸರಾಸರಿ ಗ್ರೇಡಿಯಂಟ್ 40 ಮಿಲಿಮೀಟರ್ ಪಾದರಸ, ವಿಸ್ತೀರ್ಣ 1 ಚದರ ಸೆಂಟಿಮೀಟರ್. ಮೊದಲೆರಡು ಇಷ್ಟಕ್ಕೆ ಮುಟ್ಟಿ, ಮೂರನೆಯದು ಇದಕ್ಕೆ ಇಳಿದರೆ ಕಿರಿದಾಗುವಿಕೆ ತೀವ್ರ. ಇಲ್ಲಿ ಎಲ್ಲವೂ ನಿಂತಿರುವುದು ಡಾಪ್ಲರ್ ಗೆರೆ ರಕ್ತದ ಹರಿವಿಗೆ ನೇರವಾಗಿದೆಯೇ ಎಂಬುದರ ಮೇಲೆ. ಗೆರೆ 30 ಡಿಗ್ರಿ ತಪ್ಪಿದರೆ 4 ಮೀಟರ್ ವೇಗ 3.5ಕ್ಕೆ ಇಳಿಯುತ್ತದೆ. ವೇಗದ ವರ್ಗವನ್ನು 4ರಿಂದ ಗುಣಿಸಿ ಗ್ರೇಡಿಯಂಟ್ ತೆಗೆಯುವುದರಿಂದ 64 ಇರಬೇಕಾದ ಗರಿಷ್ಠ ಗ್ರೇಡಿಯಂಟ್ 48 ಆಗುತ್ತದೆ. ಆದ್ದರಿಂದ ತುದಿಯಿಂದ ಒಮ್ಮೆ ನೋಡಿ ಬಿಡಬೇಡಿ. ರೋಗಿಯನ್ನು ಬಲ ಮಗ್ಗುಲಿಗೆ ತಿರುಗಿಸಿ ಎದೆಮೂಳೆಯ ಬಲಪಕ್ಕದಿಂದ, ಗಂಟಲ ಗುಳಿಯಿಂದಲೂ ನೋಡಿ, ಎಲ್ಲಕ್ಕಿಂತ ಹೆಚ್ಚು ಬಂದ ವೇಗವನ್ನು ಯಾವ ಕಿಟಕಿಯಲ್ಲಿ ಸಿಕ್ಕಿತೆಂದು ಸೇರಿಸಿ ಬರೆಯಿರಿ.

ವಿಸ್ತೀರ್ಣದ ಲೆಕ್ಕದಲ್ಲಿ ಕವಾಟದ ಕೆಳಗಿನ ನಾಳದ ವ್ಯಾಸ ವರ್ಗವಾಗಿ ಬರುತ್ತದೆ. 20 ಮಿಲಿಮೀಟರನ್ನು 18 ಎಂದು ಅಳೆದರೆ ವಿಸ್ತೀರ್ಣ ಸುಮಾರು ಐದನೇ ಒಂದರಷ್ಟು ಕುಗ್ಗುತ್ತದೆ. ಚಿತ್ರ ದೊಡ್ಡದು ಮಾಡಿಕೊಂಡು, ಸಂಕೋಚನದ ನಡುವೆ, ಒಳ ಅಂಚಿನಿಂದ ಒಳ ಅಂಚಿಗೆ ಮೂರು ಸಲ ಅಳೆಯಿರಿ. ಮೈಟ್ರಲ್ ಸೋರಿಕೆಯ ಗೆರೆಯನ್ನೇ ಅಯೋರ್ಟಿಕ್ ಎಂದು ಹಿಡಿಯುವ ತಪ್ಪೂ ಆಗುತ್ತದೆ. ಸೋರಿಕೆಯ ಗೆರೆ ಬೇಗ ಶುರುವಾಗಿ ತಡವಾಗಿ ಮುಗಿಯುತ್ತದೆ, ಇಸಿಜಿಯ ಜೊತೆ ಇಟ್ಟು ನೋಡಿದರೆ ತಿಳಿಯುತ್ತದೆ. ಇಎಫ್ ತೀರಾ ಕಡಿಮೆ ಇದ್ದು, ಕವಾಟ ಸುಣ್ಣಗಟ್ಟಿ ಕದಲದಂತಿದ್ದು, ಗ್ರೇಡಿಯಂಟ್ ಮಾತ್ರ ಕಡಿಮೆ ಬಂದರೆ "ಮಧ್ಯಮ" ಎಂದು ಮುಗಿಸಬೇಡಿ. ಸೋತ ಹೃದಯಕ್ಕೆ ಗ್ರೇಡಿಯಂಟ್ ಹುಟ್ಟಿಸುವ ಶಕ್ತಿ ಇಲ್ಲದಿರಬಹುದು. ತಜ್ಞರು ಹೃದಯದ ಬಡಿತಕ್ಕೆ ಬಲ ಕೊಡುವ ಡೊಬ್ಯುಟಮಿನ್ ಔಷಧಿ ಕೊಟ್ಟು ಮತ್ತೆ ನೋಡಬೇಕೇ ಎಂದು ತೀರ್ಮಾನಿಸುತ್ತಾರೆ.

ಅಯೋರ್ಟಿಕ್ ಸೋರಿಕೆಯಲ್ಲಿ ಕತ್ತಿನ ಅಗಲ 6 ಮಿಲಿಮೀಟರ್ ಮೀರಿದ್ದು, ಒತ್ತಡದ ಅರ್ಧಾಯು 200 ಮಿಲಿಸೆಕೆಂಡ್‌ಗಿಂತ ಕಡಿಮೆ ಇದ್ದು, ಮಹಾಪಧಮನಿಯಲ್ಲಿ ವ್ಯಾಕೋಚನದ ಉದ್ದಕ್ಕೂ ರಕ್ತ ಹಿಂದಕ್ಕೆ ಹರಿಯುತ್ತಿದ್ದರೆ ತೀವ್ರ ಎಂದೇ ತಿಳಿಯಿರಿ.

ಹಂತ 6: ಬಲಭಾಗ ಮತ್ತು ಒತ್ತಡಗಳು

ಬಲಭಾಗವನ್ನು ಅವಸರದಲ್ಲಿ ಮುಗಿಸುವುದು ರೂಢಿಯಾಗಿದೆ. ಬಲಭಾಗದ ಎರಡು ಕೋಣೆಗಳ ನಡುವಿನ ಟ್ರೈಕಸ್ಪಿಡ್ ಕವಾಟದ ಉಂಗುರ ಪ್ರತಿ ಬಡಿತಕ್ಕೆ ಎಷ್ಟು ಕೆಳಗಿಳಿಯುತ್ತದೆ ಎಂದು ಎಂ-ಮೋಡ್‌ನಲ್ಲಿ ಅಳೆಯಿರಿ. 17 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಬಲ ಹೃತ್ಕುಕ್ಷಿ ಸೋತಿದೆ. ಟ್ರೈಕಸ್ಪಿಡ್ ಸೋರಿಕೆಯ ವೇಗ ಸೆಕೆಂಡಿಗೆ 3 ಮೀಟರ್ ಇದ್ದರೆ, ವೇಗದ ವರ್ಗವನ್ನು 4ರಿಂದ ಗುಣಿಸುವ ಅದೇ ಲೆಕ್ಕದಲ್ಲಿ 36 ಮಿಲಿಮೀಟರ್ ಪಾದರಸ. ಬಲ ಹೃತ್ಕುಕ್ಷಿಯ ಒತ್ತಡ ತಿಳಿಯಲು ಅದಕ್ಕೆ ಬಲ ಹೃತ್ಕರ್ಣದ ಒತ್ತಡ ಸೇರಿಸಬೇಕು. ಕೆಳ ಮಹಾಸಿರೆ 21 ಮಿಲಿಮೀಟರ್ ಒಳಗಿದ್ದು ಮೂಗಿನಿಂದ ಜೋರಾಗಿ ಉಸಿರೆಳೆದಾಗ ಅರ್ಧಕ್ಕಿಂತ ಹೆಚ್ಚು ಕುಗ್ಗಿದರೆ ಹೃತ್ಕರ್ಣದ ಒತ್ತಡ 3, ಉಬ್ಬಿಕೊಂಡೇ ಇದ್ದರೆ 15, ನಡುವಿನದಕ್ಕೆ 8. ಗೆರೆ ಅಸ್ಪಷ್ಟವಾಗಿದ್ದರೆ ಊಹಿಸಿ ಪೂರ್ತಿ ಮಾಡಬೇಡಿ, "ಅಳೆಯಲಾಗಲಿಲ್ಲ" ಎಂದು ಬರೆಯಿರಿ. ಆರೋಗ್ಯವಂತರಲ್ಲೂ ಈ ಕವಾಟದಲ್ಲಿ ಅತ್ಯಲ್ಪ ಸೋರಿಕೆ ಇರುತ್ತದೆ, ಅದನ್ನು ದಪ್ಪಕ್ಷರದಲ್ಲಿ ಬರೆದು ಹೆದರಿಸುವುದು ಬೇಡ.

ಹೃದಯ ಸಡಿಲಗೊಳ್ಳುವ ಶಕ್ತಿಯ ಬಗ್ಗೆಯೂ ಇದೇ ಮಾತು. ಮೈಟ್ರಲ್ ಕವಾಟದ ಮೂಲಕ ರಕ್ತ ಎರಡು ಅಲೆಗಳಲ್ಲಿ ತುಂಬುತ್ತದೆ. ಅರವತ್ತು ದಾಟಿದವರಲ್ಲಿ ಮೊದಲ ಅಲೆ ಎರಡನೆಯದಕ್ಕಿಂತ ಚಿಕ್ಕದಾಗಿರುವುದು ವಯಸ್ಸಿನ ಗುಣ. ಅಷ್ಟನ್ನೇ ನೋಡಿ "ಗ್ರೇಡ್ 1" (ಸಡಿಲಗೊಳ್ಳುವ ಶಕ್ತಿ ಕುಂದಿದ ಮೊದಲ ಹಂತ) ಎಂದು ಮುದ್ರೆ ಒತ್ತುವ ಚಟ ಬಿಡಬೇಕು. ಮೈಟ್ರಲ್ ಉಂಗುರದ ಚಲನೆಯ ವೇಗ, ಅದಕ್ಕೂ ಮೊದಲ ಅಲೆಗೂ ಇರುವ ಅನುಪಾತ 14 ಮೀರಿದೆಯೇ, ಎಡ ಹೃತ್ಕರ್ಣದ ಗಾತ್ರ, ಟ್ರೈಕಸ್ಪಿಡ್ ವೇಗ 2.8 ಮೀರಿದೆಯೇ, ಇವೆಲ್ಲ ಸೇರಿ ಹೇಳುವ ಮಾತಷ್ಟೇ ನಂಬಿಕೆಗೆ ಅರ್ಹ.

ಹಂತ 7: ಅಪಾಯದ ಗುರುತುಗಳು

ಕೆಳಗಿನವುಗಳಲ್ಲಿ ಯಾವುದೇ ಒಂದು ಕಂಡರೂ ಉಳಿದ ಅಳತೆಗಳನ್ನು ಬದಿಗಿಟ್ಟು ತಕ್ಷಣ ಡಾಕ್ಟರನ್ನು ಕರೆಯಿರಿ. ರೋಗಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಬೇಡಿ.

- ಹೃದಯದ ಸುತ್ತ ನೀರು ತುಂಬಿ, ವ್ಯಾಕೋಚನದಲ್ಲಿ ಬಲ ಹೃತ್ಕುಕ್ಷಿ ಒಳಗೆ ಕುಸಿಯುತ್ತಿರುವುದು, ಜೊತೆಗೆ ಕೆಳ ಮಹಾಸಿರೆ ಉಬ್ಬಿರುವುದು. ಉದ್ದ ನೋಟದಲ್ಲಿ ಕೆಳಗಿಳಿಯುವ ಮಹಾಪಧಮನಿಯ ಮುಂದೆ ಇರುವ ನೀರು ಹೃದಯಾವರಣದ್ದು, ಹಿಂದೆ ಇರುವುದು ಶ್ವಾಸಕೋಶದ ಸುತ್ತಲಿನದು.
- ಎದೆನೋವಿನ ಜೊತೆ, ಹಳೆಯ ವರದಿಯಲ್ಲಿಲ್ಲದ ಹೊಸ ಗೋಡೆಯ ಸೋಲು.
- ಹೃತ್ಕರ್ಣಕ್ಕೆ ಮಗುಚಿ ಬೀಳುತ್ತಿರುವ ದಳ.
- ಜ್ವರ ಇರುವವರಲ್ಲಿ ಕವಾಟಕ್ಕೆ ಅಂಟಿ ತೂಗಾಡುವ ಗಂಟು.
- ಯಾವುದೇ ಕೋಣೆಯಲ್ಲಿ ತೇಲಾಡುವ ಹೆಪ್ಪು.
- ಮಹಾಪಧಮನಿಯ ಬುಡದೊಳಗೆ ಅಲುಗಾಡುವ ಪೊರೆ.
- ದಿಢೀರನೆ ಉಸಿರು ಕಟ್ಟಿದವರಲ್ಲಿ ಎಡಕ್ಕಿಂತ ದೊಡ್ಡದಾಗಿ ಹಿಗ್ಗಿದ ಬಲ ಹೃತ್ಕುಕ್ಷಿ.

ಪರದೆ ನೋಡುತ್ತಾ ಮುಖ ಗಂಟಿಕ್ಕಬೇಡಿ, ರೋಗಿ ನೋಡುತ್ತಿರುವುದು ನಿಮ್ಮ ಮುಖವನ್ನೇ. ಪಕ್ಕದಲ್ಲಿ ನಿಂತ ಮಗ "ಏನಾಗಿದೆ ಸರ್?" ಎಂದು ಕೇಳಿದರೆ "ಡಾಕ್ಟರ್ ಬಂದು ನೋಡಿ ಹೇಳುತ್ತಾರೆ" ಎಂದಷ್ಟೇ ಹೇಳಿ.

ಹಂತ 8: ವರದಿ

ಮೇಲ್ಭಾಗದಲ್ಲಿ ನಾಡಿಯ ವೇಗ, ಲಯ, ಬಿಪಿ, ಚಿತ್ರದ ಗುಣಮಟ್ಟ. ಅನಂತರ ವೈದ್ಯರು ಕೇಳಿದ ಪ್ರಶ್ನೆಗೆ ನೇರ ಉತ್ತರ. ಆಮೇಲೆ ಸ್ನಾಯು, ಕವಾಟ, ಬಲಭಾಗ, ಹೃದಯಾವರಣ. ಸರಿಯಾಗಿ ಕಾಣದ ಭಾಗವನ್ನು "ಸಾಮಾನ್ಯ" ಎಂದು ತುಂಬಬೇಡಿ, "ಕಾಣಲಿಲ್ಲ" ಎಂದೇ ಬರೆಯಿರಿ. ಕಂಪ್ಯೂಟರಿನಲ್ಲಿ ಹಿಂದಿನ ರೋಗಿಯ ನಮೂನೆಯ ಮೇಲೆಯೇ ಹೊಸದನ್ನು ತುಂಬುವ ಕಡೆಗಳಲ್ಲಿ ಹೆಸರು ಬದಲಾಗಿ ಸಂಖ್ಯೆ ಹಾಗೇ ಉಳಿದಿರುವ ವರದಿಗಳು ಬರುತ್ತವೆ. ಪ್ರತಿ ಸಲ ಖಾಲಿ ನಮೂನೆಯಿಂದಲೇ ಶುರುಮಾಡಿ.

ಇಎಫ್ ಹಿಂದಿನ ಸಲ 50, ಈ ಸಲ 46 ಬಂದರೆ "ಕುಸಿದಿದೆ" ಎಂದು ಬರೆಯುವ ಮೊದಲು ಹಳೆಯ ಚಿತ್ರ ತರಿಸಿ ಪಕ್ಕಪಕ್ಕದಲ್ಲಿ ನೋಡಿ. ಅಷ್ಟು ವ್ಯತ್ಯಾಸ ಅಳೆಯುವ ಕೈ ಬದಲಾದರೂ ಬರುತ್ತದೆ. ಹೀಗೆ ಹೋಲಿಸಲು ಸಾಧ್ಯವಾಗಬೇಕಾದರೆ ನಿಂತ ಚಿತ್ರಗಳು ಸಾಲವು. ಪ್ರತಿ ನೋಟದಲ್ಲೂ ಕನಿಷ್ಠ ಮೂರು ಬಡಿತಗಳ ಚಲಿಸುವ ಚಿತ್ರ ಉಳಿಸಿ. ಬೇರೆ ಊರಿಗೆ ಕಳುಹಿಸುವ ರೋಗಿಗೆ ಕಾಗದದ ಜೊತೆ ಅವುಗಳನ್ನು ಸಿಡಿಗೋ ಪೆನ್‌ಡ್ರೈವ್‌ಗೋ ಹಾಕಿಕೊಟ್ಟು, ಬೇರೆ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆಯೇ ಎಂದು ಅವರ ಎದುರಿಗೇ ಪರೀಕ್ಷಿಸಿ ಕಳುಹಿಸಿ.